ಈ ವಯಸ್ಸಿಗೆ ಇದೆಲ್ಲ ಬೇಕಾ?

ಹೆಂಗಸಿಗೆ ವಯಸ್ಸಾಯಿತೆಂದು ಮೊದಲು ಕಂಡುಹಿಡಿಯುವುದು ಗಂಡನೂ ಅಲ್ಲ, ಕನ್ನಡಿಯೂ ಅಲ್ಲ, ಭಾರತೀಯ ರೈಲ್ವೆ. ಟಿಕೆಟ್ ಬುಕ್ ಮಾಡುವಾಗ ಲೋವರ್ ಬರ್ತ್ ಕೋಟಾ ಅಂತ ಒಂದು ಸಿಗುತ್ತದೆ. ಅದಕ್ಕೆ ಗಂಡಸಿಗೆ 60 ತುಂಬಿರಬೇಕು, ಹೆಂಗಸಿಗೆ 45 ಆದರೆ ಸಾಕು. ನಡುವಿನ ಹದಿನೈದು ವರ್ಷವನ್ನು ಯಾರು, ಯಾವ ಟೇಪು ಹಿಡಿದು ಅಳೆದರೋ! ಸೀರೆ ಉಟ್ಟವರು ಆ ಕಬ್ಬಿಣದ ಮೆಟ್ಟಿಲಿಗೆ ಕಾಲು ಕೊಟ್ಟು ಮೇಲೇರುವ ಫಜೀತಿ ನೋಡಲಾರದೆ ಯಾರೋ ಪುಣ್ಯಾತ್ಮರು ಮಾಡಿದ ನಿಯಮವಿರಬೇಕು. ಬೇಡವೆನ್ನುವ ಸ್ವಾಭಿಮಾನ ನನಗಿದ್ದರೂ ನನ್ನ ಮಂಡಿಗಿಲ್ಲ. ಇದೇ ರೈಲ್ವೆ 2020ರ ಮಾರ್ಚ್‌ವರೆಗೆ ಹಿರಿಯರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುತ್ತಿತ್ತು. ಗಂಡಸರಿಗೆ 60ರಿಂದ ಶೇಕಡ 40, ಹೆಂಗಸರಿಗೆ 58ರಿಂದಲೇ ಶೇಕಡ 50. ಅಂದರೆ ಮಲಗುವ ವಿಷಯ ಬಂದರೆ 45ಕ್ಕೇ ಮುದುಕಿ, ದುಡ್ಡು ಬಿಚ್ಚುವ ವಿಷಯ ಬಂದರೆ 58ರ ತನಕ ಪ್ರಾಯದವಳು. ನನಗೆ ರಿಯಾಯಿತಿಯ ವಯಸ್ಸು ಬರುವ ಹೊತ್ತಿಗೆ ಕೊರೊನಾ ಬಂದು ರಿಯಾಯಿತಿಯೇ ನಿಂತುಹೋಯಿತು. ವಯಸ್ಸು ಮಾತ್ರ ನಿಲ್ಲಲಿಲ್ಲ.

ಒಂದೊಂದು ಕಡೆ ಒಂದೊಂದು ಲೆಕ್ಕ. ಏರ್ ಇಂಡಿಯಾದಲ್ಲಿ ಒಂದು ಕಾಲಕ್ಕೆ ಗಗನಸಖಿಯರನ್ನು 35ಕ್ಕೇ ಮನೆಗೆ ಕಳಿಸುವ ನಿಯಮವಿತ್ತು. ಅಷ್ಟರೊಳಗೆ ಬಸಿರಾದರೆ ಇನ್ನೂ ಮೊದಲೇ. ಬಸಿರಿನ ಷರತ್ತನ್ನು ಸುಪ್ರೀಂ ಕೋರ್ಟು 1981ರಲ್ಲಿ, ನರ್ಗೇಶ್ ಮೀರ್ಜಾ ಪ್ರಕರಣದಲ್ಲಿ ಹೊಡೆದುಹಾಕಿತು. ಶಬರಿಮಲೆಯಲ್ಲಿ 10ರಿಂದ 50ರೊಳಗಿನ ಹೆಂಗಸರಿಗೆ ಪ್ರವೇಶವಿರಲಿಲ್ಲ. 2018ರಲ್ಲಿ ಕೋರ್ಟು ಬಿಡಿ ಅಂದದ್ದೂ, ಆಮೇಲೆ ಎದ್ದ ಗಲಾಟೆಯೂ ಎಲ್ಲರಿಗೂ ನೆನಪಿದೆ. ನಮ್ಮ ರಸ್ತೆಯಲ್ಲಿ ಮಾಲೆ ಹಾಕುವ ಹೆಂಗಸರು ಮಾತ್ರ ಐವತ್ತು ದಾಟಿಸಿಕೊಂಡೇ ಹೊರಡುತ್ತಾರೆ. ಜೀವಮಾನವಿಡೀ ಮುಚ್ಚಿಟ್ಟ ಹುಟ್ಟಿದ ತಾರೀಖನ್ನು ಆಧಾರ್ ಕಾರ್ಡಿನ ಸಮೇತ ಖುಷಿಯಿಂದ ತೋರಿಸಲು ಅವರು ಸಿದ್ಧವಿರುವುದು ಅದೊಂದೇ ಜಾಗದಲ್ಲಿ. ಇನ್ನು ನಮ್ಮ ರಾಜ್ಯದ ಮನಸ್ವಿನಿ ಯೋಜನೆಯಲ್ಲಿ ಮದುವೆಯಾಗದ ಬಡ ಹೆಣ್ಣುಮಕ್ಕಳಿಗೆ 40ರಿಂದ ಮಾಸಾಶನ. ಒಳ್ಳೆಯ ಯೋಜನೆಯೇ. ಆದರೂ ನಲವತ್ತಾಯಿತಲ್ಲ, ಇನ್ನು ಗಂಡು ಸಿಗುವ ಆಸೆ ಬಿಡಮ್ಮಾ ಎಂದು ಸರ್ಕಾರವೇ ಮೊಹರು ಒತ್ತಿ ಹೇಳಿದಂತೆ ನನಗೆ ಕೇಳಿಸುತ್ತದೆ. ಸಂಧ್ಯಾ ಸುರಕ್ಷಾ ಯೋಜನೆಯ ಪಿಂಚಣಿಗೆ 65. ಹೀಗೆ ಆಕಾಶದಲ್ಲಿ 35ಕ್ಕೆ, ರೈಲಿನಲ್ಲಿ 45ಕ್ಕೆ, ಬೆಟ್ಟದ ಮೇಲೆ 50ಕ್ಕೆ, ತಾಲ್ಲೂಕು ಕಚೇರಿಯಲ್ಲಿ 65ಕ್ಕೆ ಒಬ್ಬಳೇ ಹೆಂಗಸು ಬೇರೆ ಬೇರೆ ದಿನ ಮುದುಕಿಯಾಗುತ್ತಾ ಹೋಗುತ್ತಾಳೆ.

ಬೆಂಗಳೂರಿನ ನಮ್ಮ ಕತ್ರಿಗುಪ್ಪೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಇಲ್ಲಿ ವರ್ಷ ಎಣಿಸುವುದಿಲ್ಲ, ಸಂದರ್ಭ ನೋಡುತ್ತಾರೆ.

ಬನಶಂಕರಿ ಮೂರನೇ ಹಂತದಲ್ಲಿ, ರಿಂಗ್ ರೋಡ್ ಬರುವುದಕ್ಕೆ ಮೊದಲೇ ಸೈಟು ತೆಗೆದುಕೊಂಡು ಆಫೀಸಿನ ಸಾಲದಲ್ಲಿ ಮನೆ ಕಟ್ಟಿಸಿದವರು ಇಲ್ಲಿ ಬಹಳ. ಬ್ಯಾಂಕಿನವರು, ಎಲ್‌ಐಸಿಯವರು, ಕೆಇಬಿಯವರು. ವಾಟರ್ ಟ್ಯಾಂಕಿನ ಸುತ್ತಮುತ್ತ ಬೆಳಿಗ್ಗೆ ಮಂಕಿ ಕ್ಯಾಪು ಹಾಕಿಕೊಂಡು ವಾಕಿಂಗ್ ಹೊರಟವರನ್ನು ನೋಡಿದರೆ ಕತ್ರಿಗುಪ್ಪೆಗೇ ಪಿಂಚಣಿ ಬರುತ್ತಿದೆ ಅನ್ನಿಸುತ್ತದೆ. ಮಕ್ಕಳು ಸರ್ಜಾಪುರಕ್ಕೋ ನ್ಯೂಜೆರ್ಸಿಗೋ ಹೋಗಿಯಾಗಿದೆ. ಕೆಳಗಡೆ ಇಬ್ಬರು, ಮೇಲಿನ ಮನೆ ಬಾಡಿಗೆಗೆ. ಈ ಮನೆಗಳ ಕಾಂಪೌಂಡಿನ ಹತ್ತಿರ ಸ್ವಲ್ಪ ಹೊತ್ತು ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಈ ವಯಸ್ಸಿಗೆ ಇದೆಲ್ಲ ಬೇಕಾ?’ ಹೇಳುವವರು ಗಂಡಸರೇ ಆಗಬೇಕೆಂದಿಲ್ಲ. ಹೆಂಗಸರು ಹೆಂಗಸರಿಗೇ ಹೇಳುವಾಗ ಮಾತಿಗೆ ಇಂಗಿನ ಒಗ್ಗರಣೆಯೂ ಬೀಳುತ್ತದೆ.

ನಮ್ಮ ಸಾಲಿನ ಕೊನೆಯ ಮನೆಯ ನಿವೃತ್ತ ಟೀಚರು ತಂಗಿಯ ಮಗಳ ಮದುವೆಗೆ ಮೆಣಸಿನಕಾಯಿ ಕೆಂಪಿನ ಸೀರೆ ಉಟ್ಟು ಆಟೋ ಹತ್ತಿದರು. ಆಟೋ ತಿರುವು ದಾಟುವ ಮೊದಲೇ ಆ ಮಾತು ಅವರ ಬೆನ್ನ ಹಿಂದೆ ಬಂತು. ಇನ್ನೊಬ್ಬರು ಯಾರಿಗೂ ಹೇಳದೆ ಕಾಮಾಕ್ಯ ಟಾಕೀಸಿಗೆ ಒಬ್ಬರೇ ಮ್ಯಾಟಿನಿಗೆ ಹೋಗಿ ಬಂದರು. ಅದು ವಾರಗಟ್ಟಲೆ ಚರ್ಚೆಯಾಯಿತು. ಸಿನಿಮಾ ಹೇಗಿತ್ತು ಅಂತ ಯಾರೂ ಕೇಳಲಿಲ್ಲ. ಮುಡಿ ತುಂಬ ಮಲ್ಲಿಗೆ, ಸ್ಕೂಟರ್ ಕಲಿಕೆ, ಸಂಗೀತ ಪಾಠ, ತೋಳಿಲ್ಲದ ರವಿಕೆ, ರಾತ್ರಿ ಒಂಬತ್ತರ ಮೇಲೆ ಐಸ್‌ಕ್ರೀಮು, ಎಲ್ಲಕ್ಕೂ ಅದೇ ಪ್ರಶ್ನೆ. ತಲೆಗೆ ಬಣ್ಣ ಹಾಕಿದರೆ ‘ಈ ವಯಸ್ಸಿಗೆ ಬೇಕಾ’, ಹಾಕದೆ ಬಿಟ್ಟರೆ ‘ಅಯ್ಯೋ, ಇಷ್ಟು ಬೇಗ ಯಾಕ್ರೀ ಬಿಟ್ಟುಬಿಟ್ರಿ?’ ಇದೇ ರಸ್ತೆಯಲ್ಲಿ ಮೀಸೆಗೆ ಕಪ್ಪು ಬಳಿದುಕೊಂಡ ಒಬ್ಬ ನಿವೃತ್ತ ಅಧಿಕಾರಿಗಳಿದ್ದಾರೆ. ಪ್ರತಿ ಭಾನುವಾರ ಹತ್ತು ವರ್ಷ ಕಿರಿಯರಾಗುತ್ತಾರೆ, ಶನಿವಾರದ ಹೊತ್ತಿಗೆ ಬೇರು ಬೆಳ್ಳಗಾಗಿ ಮತ್ತೆ ಇದ್ದಲ್ಲಿಗೆ ಬರುತ್ತಾರೆ. ‘ಸಾರ್, ನೀವಿನ್ನೂ ಯಂಗ್ ಆಗಿದ್ದೀರಿ’ ಎನ್ನುವವರೇ ಅವರಿಗೆ ಸಿಗುವುದು.

ಇಷ್ಟೇ ಆಗಿದ್ದರೆ ಇದು ಹಳೆಯ ದೂರು, ಬರೆಯುವಂಥದ್ದೇನೂ ಇರಲಿಲ್ಲ. ನನಗೆ ಸೋಜಿಗವೆನಿಸುವುದು ಆ ಪ್ರಶ್ನೆ ಕೇಳದಿರುವ ಜಾಗಗಳು. ಯುಗಾದಿಗೆ ಮನೆಮಂದಿಗೆಲ್ಲ ಒಬ್ಬಟ್ಟು ತಟ್ಟುವಾಗ ಯಾರೂ ಈ ವಯಸ್ಸಿಗೆ ಬೇಕಾ ಅನ್ನುವುದಿಲ್ಲ. ಬೇಸಿಗೆಯಲ್ಲಿ ಟೆರೇಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಕಾದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಸಂಡಿಗೆ ಇಡುವಾಗ ಅನ್ನುವುದಿಲ್ಲ. ಮೊಮ್ಮಗನ ಸ್ಕೂಲ್ ವ್ಯಾನಿಗೆ ಮೂರನೇ ಮಹಡಿಯಿಂದ ಇಳಿದು, ಅವನ ಬ್ಯಾಗು ಹೊತ್ತು ಮತ್ತೆ ಹತ್ತುವಾಗಲೂ ಇಲ್ಲ. ಲಿಫ್ಟ್ ಇಲ್ಲದ ಆ ಮನೆಯಲ್ಲೇ ಅದೇ ಅಜ್ಜಿಗೆ ‘ನಿಂಗೆ ಮಂಡಿನೋವು, ಗೆಳತಿಯರ ಜೊತೆ ಬಾದಾಮಿಗೆ ಹೋಗಬೇಡ, ಅಲ್ಲಿ ಮೆಟ್ಟಿಲು ಜಾಸ್ತಿ’ ಎಂದು ಮಗ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಾದಾಮಿಯ ಮೆಟ್ಟಿಲಿಗೆ ಚಾಲುಕ್ಯರ ಕಾಲದ್ದೆಂಬ ಹೆಸರಾದರೂ ಇದೆ.

ಅತ್ತೆ ಇರುವ ಮನೆಯಲ್ಲಿ ಇದು ಇನ್ನೂ ವಿಚಿತ್ರ. ನಮ್ಮ ಪಕ್ಕದ ಬೀದಿಯಲ್ಲಿ ತೊಂಬತ್ತು ದಾಟಿದ ಅತ್ತೆಯನ್ನು ಅರವತ್ತೈದು ದಾಟಿದ ಸೊಸೆ ನೋಡಿಕೊಳ್ಳುತ್ತಿದ್ದಾರೆ. ಇಬ್ಬರಿಗೂ ಒಂದೇ ಬಿ.ಪಿ. ಮಾತ್ರೆ. ಅತ್ತೆ ಒಳಗಿನಿಂದ ಕೂಗುವುದು ಇವತ್ತಿಗೂ ‘ಏ ಹುಡುಗೀ’ ಎಂದೇ. ಹುಡುಗಿ ಸೊಂಟ ಹಿಡಿದುಕೊಂಡು ಎದ್ದು ಹೋಗುತ್ತಾಳೆ. ಅತ್ತೆ ಇರುವ ತನಕ ಈಕೆಗೆ ವಯಸ್ಸಾಗುವ ಸವಲತ್ತಿಲ್ಲ. ಹೂ ಮುಡಿದರೆ ಮಾತ್ರ ಆ ಕ್ಷಣಕ್ಕೆ ಅರವತ್ತೈದಾಗುತ್ತದೆ.

ಈ ಪ್ರಶ್ನೆ ಖಂಡಿತ ಏಳದ ಇನ್ನೊಂದು ಸಂದರ್ಭ ಬಾಣಂತನ. ಬೆಂಗಳೂರಿನಿಂದ ಸಾಫ್ಟ್‌ವೇರು ರಫ್ತಾಗುತ್ತದೆ ಅನ್ನುತ್ತಾರೆ. ಕತ್ರಿಗುಪ್ಪೆಯಿಂದ ರಫ್ತಾಗುವುದು ಅಜ್ಜಿಯರು. ವಿಸಿಟರ್ ವೀಸಾದ ಮೇಲೆ ಅಮೆರಿಕ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಇರಗೊಡುತ್ತದೆ. ಹೆಣ್ಣು ಕೊಟ್ಟವರು ಮೊದಲ ಆರು ತಿಂಗಳು, ಗಂಡು ಕೊಟ್ಟವರು ಮುಂದಿನ ಆರು ತಿಂಗಳು ಎಂದು ಬೀಗರು ಫೋನಿನಲ್ಲೇ ಪಾಳಿ ಹಂಚಿಕೊಳ್ಳುತ್ತಾರೆ. ಬಾಣಂತಿ ಲೇಹ್ಯ, ಮೆಂತ್ಯದ ಹಿಟ್ಟು, ಸಾರಿನಪುಡಿ, ಮಗುವಿಗೆ ರಾಗಿ ಸರಿ ತುಂಬಿದ ಸೂಟ್‌ಕೇಸನ್ನು ಮನೆಯ ತೂಕದ ಯಂತ್ರದ ಮೇಲೆ ಹತ್ತಿಸಿ ಇಳಿಸಿ ಪರೀಕ್ಷಿಸುತ್ತಾರೆ. ವಿಮಾನ ನಿಲ್ದಾಣದಲ್ಲಿ ಅಜ್ಜಿಗೆ ವೀಲ್‌ಚೇರು. ನಡೆಯಲಾರರೆಂದಲ್ಲ, ಫ್ರಾಂಕ್‌ಫರ್ಟಿನಲ್ಲಿ ಗೇಟು ಹುಡುಕಲು ಇಂಗ್ಲಿಷು ಸಾಲದು, ವೀಲ್‌ಚೇರು ದೂಡುವವನಿಗೆ ದಾರಿ ಗೊತ್ತಿರುತ್ತದೆ ಎಂಬ ಉಪಾಯ. ಆ ಕಡೆ ಮಗಳ ಮನೆ ತಲುಪಿದೊಡನೆ ವೀಲ್‌ಚೇರಿನ ಪ್ರಯಾಣಿಕರು ಸೆರಗು ಸಿಕ್ಕಿಸಿಕೊಂಡು ನೇರವಾಗಿ ಅಡುಗೆಮನೆಗೆ ನಡೆಯುತ್ತಾರೆ. ಆರು ತಿಂಗಳು ಅಲ್ಲಿಂದ ಹೊರಗೆ ಬರುವುದಿಲ್ಲ. ನಯಾಗರಾಕ್ಕೆ ಒಂದು ದಿನ ಕರೆದುಕೊಂಡು ಹೋಗುತ್ತಾರೆ, ಪುಳಿಯೋಗರೆ ಕಟ್ಟಿಸಿಕೊಂಡು.

ನಿವೃತ್ತಿ ಎನ್ನುವುದು ಹೆಂಗಸಿಗೂ ಇದೆ, ಆದರೆ ಅದು ಆಸೆಗಳಿಂದ ಮಾತ್ರ. ಕೆಲಸದಿಂದ ನಿವೃತ್ತಿಯ ಆದೇಶ ಇನ್ನೂ ಯಾವ ಇಲಾಖೆಯಿಂದಲೂ ಹೊರಟಿಲ್ಲ.

ಶಾಸ್ತ್ರದಲ್ಲೂ ಹಾಗೆಯೇ. ಗಂಡಸಿಗೆ 60 ತುಂಬಿದರೆ ಷಷ್ಟ್ಯಬ್ದಿ ಶಾಂತಿ, 70ಕ್ಕೆ ಭೀಮರಥ ಶಾಂತಿ, 80 ದಾಟಿದರೆ ಸಹಸ್ರ ಚಂದ್ರದರ್ಶನ. ನಮ್ಮ ಕಡೆ ಕಲ್ಯಾಣಮಂಟಪಗಳಿಗೆ ಮದುವೆ ಸೀಸನ್ ಮುಗಿದ ಮೇಲೆ ಇವೇ ಆಸರೆ. ಕಲಶದ ನೀರು ಸುರಿಯುತ್ತಾರೆ, ಮತ್ತೊಮ್ಮೆ ತಾಳಿ ಕಟ್ಟಿಸುತ್ತಾರೆ, ಮೊಮ್ಮಕ್ಕಳು ಸ್ಟೇಜಿನ ಮೇಲೆ ತಾತನ ಜೀವನಚರಿತ್ರೆಯನ್ನು ಫೋಟೋ ಸಮೇತ ತೋರಿಸುತ್ತಾರೆ. ಪಕ್ಕದ ಮಣೆಯ ಮೇಲೆ ಒದ್ದೆ ಸೀರೆಯಲ್ಲಿ ನಡುಗುತ್ತಾ ಕೂತಿರುವವರಿಗೆ ಎಷ್ಟು ವರ್ಷ ಎಂದು ಪುರೋಹಿತರೂ ಕೇಳುವುದಿಲ್ಲ. ಅವರ ಅರವತ್ತು ಯಾವತ್ತೋ ಒಂದು ಮಂಗಳವಾರ ಕುಕ್ಕರ್ ಕೂಗುವ ನಡುವೆ ಬಂದು ಹೋಗಿರುತ್ತದೆ. ಸಾವಿರ ಹುಣ್ಣಿಮೆ ಕಂಡವರು ಯಜಮಾನರು ಮಾತ್ರ. ಹೆಂಡತಿ ಅದೇ ಚಂದ್ರನನ್ನು ಅದೇ ಹಿತ್ತಿಲಿನಿಂದ ನೋಡಿದ್ದರೂ ಲೆಕ್ಕಕ್ಕೆ ಹಿಡಿದಿಲ್ಲ. ಯಜಮಾನರು ಅರವತ್ತಕ್ಕೆ ಮೊದಲೇ ಹೋಗಿಬಿಟ್ಟರೆ ಮಣೆಯೂ ಇಲ್ಲ, ಕಲಶವೂ ಇಲ್ಲ. ಹೆಂಗಸಿನ ವಯಸ್ಸನ್ನು ಗಂಡನ ಆಯಸ್ಸಿನಿಂದ ಅಳೆಯುವುದು ನಮ್ಮಲ್ಲಿ ಬಲು ಹಳೆಯ ಪದ್ಧತಿ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ ಈ ಪದ್ಧತಿಯ ನಿಜವಾದ ಮುಖ ಗೊತ್ತಿರುತ್ತದೆ. 1976ರಲ್ಲಿ ಬಂದ ಕಾದಂಬರಿ. ನಿಜವಾಗಿ ಬದುಕಿದ್ದ, ನೂರು ದಾಟಿ ಬಾಳಿದ ಮಲೆನಾಡಿನ ಹೆಣ್ಣೊಬ್ಬಳ ಕತೆ. 1983ರಲ್ಲಿ ಪ್ರೇಮಾ ಕಾರಂತರು ಸಿನಿಮಾ ಮಾಡಿದರು. ಆಟವಾಡುವ ಹುಡುಗಿ ಗಂಡ ಸತ್ತನೆಂಬ ಒಂದೇ ಕಾರಣಕ್ಕೆ ರಾತ್ರೋರಾತ್ರಿ ಮುದುಕಿಯಾಗುತ್ತಾಳೆ. ಆಮೇಲೆ ನೂರು ವರ್ಷ ಆಕೆಗೆ ಮಾಡಲು ಇದ್ದದ್ದು ಇತರರ ಬಾಣಂತನ, ಇತರರ ಮನೆಯ ಅಡುಗೆ, ಹಪ್ಪಳ. ಸುಖಕ್ಕೆ ಮುದುಕಿ, ಕೆಲಸಕ್ಕೆ ಹುಡುಗಿ ಎಂಬ ಕತ್ರಿಗುಪ್ಪೆಯ ಸೂತ್ರ ಮೊದಲು ತೀರ್ಥಹಳ್ಳಿಯ ಕಡೆಯ ಅಡಿಕೆ ಮನೆಗಳಲ್ಲಿ ತಯಾರಾದದ್ದೇನೋ. ಅಲ್ಲಿ ಅದಕ್ಕೆ ನಗು ಬರುವುದಿಲ್ಲ.

ಇದನ್ನು ಬರೆದ ಇಂದಿರಾ ಹುಟ್ಟಿದ್ದು 1917ರಲ್ಲಿ. ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಹೊತ್ತಿಗೆ. ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾದದ್ದು 1963ರಲ್ಲಿ. ಸರಿಯಾಗಿ ರೈಲ್ವೆಯವರು ಕೆಳಗಿನ ಬರ್ತ್ ತೋರಿಸಿ ಮಲಗಿಕೋ ತಾಯಿ ಅನ್ನುವ ವಯಸ್ಸು. ಯಾರಾದರೂ ಆಗ ಅವರಿಗೂ ‘ಈ ವಯಸ್ಸಿಗೆ ಇದೆಲ್ಲ ಬೇಕಾ’ ಅಂದಿರಲಿಕ್ಕೆ ಸಾಕು. ಕೇಳಿಸಿಕೊಂಡಿದ್ದರೆ ಕನ್ನಡಕ್ಕೆ ‘ಗೆಜ್ಜೆಪೂಜೆ’ಯೂ ಸಿಗುತ್ತಿರಲಿಲ್ಲ.

ನಮ್ಮ ಸಾಹಿತ್ಯ ಮುದುಕಿಯರಿಗೆ ಅನ್ಯಾಯ ಮಾಡಿಲ್ಲ, ಅದನ್ನು ಒಪ್ಪಬೇಕು. ಶಿವರಾಮ ಕಾರಂತರು ಮೂಕಜ್ಜಿಯ ಬಾಯಲ್ಲಿ ದೇವರ ಬಗ್ಗೆಯೂ ಕಾಮದ ಬಗ್ಗೆಯೂ ಮಾತಾಡಿಸಿದರು. ದೇವನೂರರ ‘ಒಡಲಾಳ’ದಲ್ಲಿ ಕಳೆದುಹೋದ ಹುಂಜಕ್ಕಾಗಿ ಊರು ಒಂದು ಮಾಡುವ ಸಾಕವ್ವನೇ ಯಜಮಾನಿ; ಆ ಸಾಕವ್ವನನ್ನು ರಂಗದ ಮೇಲೆ ತಂದ ಉಮಾಶ್ರೀ ಅವರಿಗೆ ಆಗಿನ್ನೂ ಚಿಕ್ಕ ವಯಸ್ಸು. ಆದರೆ ಇವರೆಲ್ಲ ಪೂರಾ ಅಜ್ಜಿಯರು. ಹುಡುಗಿಯಾದರೆ ನಾಯಕಿ, ಹಣ್ಣು ಮುದುಕಿಯಾದರೆ ಜ್ಞಾನಿ; ನಡುವಿನ ಮೂವತ್ತು ವರ್ಷಕ್ಕೆ ಕಾಫಿ ತಂದುಕೊಡುವ ಪಾತ್ರ. ಸಿನಿಮಾದಲ್ಲಂತೂ ಈ ನಡುವಿನ ಸೇತುವೆಯೇ ಇಲ್ಲ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರಿಗೆ ನಾಯಕಿಯಾಗಿದ್ದವರು ಪಂಢರಿಬಾಯಿ. ಹೆಚ್ಚುಕಡಿಮೆ ಒಂದೇ ವಾರಿಗೆಯವರು. 1986ರ ‘ಅನುರಾಗ ಅರಳಿತು’ ಹೊತ್ತಿಗೆ ಅವರೇ ರಾಜ್ ತಾಯಿ. ನಾಯಕಿ ಮಾಧವಿ, ಇಪ್ಪತ್ತರ ಹರೆಯದವರು. ಅಣ್ಣಾವ್ರ ಅಭಿಮಾನಿಗಳು ಸಿಟ್ಟಾಗಬಾರದು. ನಾನೂ ಅಭಿಮಾನಿಯೇ, ಆ ಚಿತ್ರದ ಹಾಡುಗಳನ್ನು ಈಗಲೂ ಪಾತ್ರೆ ತೊಳೆಯುವಾಗ ಗುನುಗುತ್ತೇನೆ. ನನ್ನ ಕುತೂಹಲ ಇಷ್ಟೇ: ಆ ಮೂವತ್ತೆರಡು ವರ್ಷ ಒಬ್ಬರಿಗೆ ಒಂದು ರೀತಿ, ಇನ್ನೊಬ್ಬರಿಗೆ ಇನ್ನೊಂದು ರೀತಿ ಹೇಗೆ ಉರುಳಿದವು? ಈಗಿನ ಸೀರಿಯಲ್ಲಿನವರು ಇದಕ್ಕೊಂದು ಪರಿಹಾರ ಹುಡುಕಿದ್ದಾರೆ. ಅತ್ತೆ, ಸೊಸೆ, ಸೊಸೆಯ ತಾಯಿ ಮೂವರಿಗೂ ಒಂದೇ ವಯಸ್ಸು, ಒಂದೇ ಕಾಡಿಗೆ. ಯಾರು ಯಾರಿಗೆ ಏನಾಗಬೇಕೆಂದು ತಿಳಿಯಲು ಬೈಗುಳ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು ನೋಡಬೇಕು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಇದರ ಖರ್ಚು, ರಾಜಕೀಯ, ನೂಕುನುಗ್ಗಲು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನಗೆ ಹಿಡಿಸಿದ್ದು ಅದರ ಒಂದು ಗುಣ: ಅದು ವಯಸ್ಸು ಕೇಳುವುದಿಲ್ಲ. ಹದಿನೆಂಟರ ಕಾಲೇಜು ಹುಡುಗಿಗೂ ಎಂಬತ್ತರ ಅಜ್ಜಿಗೂ ಕಂಡಕ್ಟರು ಹರಿದುಕೊಡುವುದು ಅದೇ ಶೂನ್ಯ ದರದ ಚೀಟಿ. ಆಧಾರ್ ತೋರಿಸಿದರೂ ಆತ ನೋಡುವುದು ಊರನ್ನು, ಹುಟ್ಟಿದ ವರ್ಷವನ್ನಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಅರ್ಧ ಸೀಟು ಗಂಡಸರಿಗೆ ಮೀಸಲು ಎಂಬ ದಿನವನ್ನೂ ಕಣ್ಣಾರೆ ಕಂಡೆವು. ಅಲ್ಲಿಯವರೆಗೆ ‘ಎಲ್ಲಿಗೆ? ಯಾಕೆ? ಎಷ್ಟಾಗುತ್ತೆ?’ ಎಂಬ ಮೂರು ಪ್ರಶ್ನೆಗೆ ಉತ್ತರ ಹೇಳಿ ಮನೆ ಬಿಡಬೇಕಿತ್ತು. ಮೂರನೆಯದು ಬಿದ್ದುಹೋದ ಮೇಲೆ ಮೊದಲಿನ ಎರಡರ ಗಂಟಲೂ ಸಣ್ಣದಾಯಿತು. ನಮ್ಮ ಕಡೆಯ ಹೆಂಗಸರು ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಬನಶಂಕರಿ ದೇವಸ್ಥಾನಕ್ಕೆ ಹೊರಟು, ದೀಪ ಹಚ್ಚಿ, ಅಲ್ಲಿಂದ ಗಾಂಧಿ ಬಜಾರಿಗೂ ಹೋಗಿ, ಏನೂ ಕೊಳ್ಳದೆ ಹೂವಿನ ಬೆಲೆ ಮಾತ್ರ ಕೇಳಿಕೊಂಡು ಬರುತ್ತಾರೆ.

ಅದೇ ವರ್ಷ ಆಗಸ್ಟಿನಲ್ಲಿ ಗೃಹಲಕ್ಷ್ಮಿ. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಯಜಮಾನಿ ಯಾರು, ಅತ್ತೆಯೋ ಸೊಸೆಯೋ ಎಂದು ಟೀವಿಯಲ್ಲಿ ದಿನಗಟ್ಟಲೆ ಕುಸ್ತಿ ನಡೆಯಿತು. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಬರೆದಿಟ್ಟಿತ್ತು. ಅಷ್ಟು ವರ್ಷ ಅದನ್ನು ಯಾರೂ ಗಮನಿಸಿರಲಿಲ್ಲ, ಸ್ವತಃ ಯಜಮಾನಿಯೂ. ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಹೇಳಿದಳು: ‘ನಮ್ಮತ್ತೇಗೆ ಈಗ ಹಲ್ಲು ಬಂದವೆ ಕಣಕ್ಕ. ಮೊದ್ಲು ಎಲೆಅಡಿಕೆಗೂ ಮಗನ್ ಮುಖ ನೋಡೋರು. ಈಗ ನಂಗೇ ಸೀರೆ ಕೊಡ್ಸವ್ರೆ.’ ಹೇಳುವಾಗ ದೂರೋ ಹೆಮ್ಮೆಯೋ ತಿಳಿಯಲಿಲ್ಲ. 2024ರಲ್ಲಿ ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಈ ಹಣ ಕೂಡಿಟ್ಟು ಊರವರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ನಮ್ಮ ರಸ್ತೆಯಲ್ಲಿ ಅದನ್ನು ಓದಿದ ನಿವೃತ್ತರೊಬ್ಬರು ‘ಎಫ್‌ಡಿ ಇಡಬಹುದಿತ್ತು’ ಅಂದರು.

ಮೊನ್ನೆ ನಮ್ಮ ಲಲಿತಾ ಸಹಸ್ರನಾಮದ ಗುಂಪಿನವರು ಪಾರಾಯಣ ಮುಗಿದು ಕೋಸಂಬರಿ ತಿನ್ನುತ್ತಿದ್ದಾಗ ಧರ್ಮಸ್ಥಳಕ್ಕೆ ಹೋಗೋಣವೆಂದು ತೀರ್ಮಾನಿಸಿದರು. ಗಂಡಂದಿರಿಲ್ಲ, ಮೊಮ್ಮಕ್ಕಳಿಲ್ಲ, ಬರೀ ಹೆಂಗಸರು, ಕೆಂಪು ಬಸ್ಸಿನಲ್ಲಿ. ಟೀಚರು ನಾಯಕಿ. ಹೊರಡುವ ದಿನ ಬೆಳಗ್ಗೆ ಅವರನ್ನು ಕರೆಯಲು ಹೋದರೆ ಮನೆಯಲ್ಲಿ ಸಭೆ ನಡೆಯುತ್ತಿತ್ತು.

‘ಎರಡು ದಿನ ನನ್ನ ಊಟಕ್ಕೇನು ಗತಿ?’ ಯಜಮಾನರು ಕೇಳಿದರು.

‘ಅನ್ನ ಸಾರು ಮಾಡ್ಕೊಳ್ಳಿ.’

‘ಏನೇ, ಈ ವಯಸ್ಸಿಗೆ ನಂಗೆ ಅಡುಗೆ ಕಲಿಸ್ತೀಯಾ?’

ನಾನು ಬಾಗಿಲಲ್ಲಿ ನಿಂತು ಚಪ್ಪಲಿ ನೋಡಿಕೊಂಡೆ. ಅದೇ ಮಾತು, ಗಂಡಸಿನ ಬಾಯಲ್ಲಿ ತನ್ನ ಬಗ್ಗೆ ಬಂದಾಗ ಕೆಲಸ ತಪ್ಪಿಸಿಕೊಳ್ಳಲು ಎಷ್ಟು ಚೆನ್ನಾಗಿ ಒದಗುತ್ತದೆ! ಟೀಚರು ಕುಕ್ಕರನ್ನು ತಂದು ಡೈನಿಂಗ್ ಟೇಬಲ್ಲಿನ ಮೇಲೆ, ಅವರ ಪೇಪರಿನ ಮೇಲೇ ಇಟ್ಟರು. ಮೂರನೇ ಕ್ಲಾಸಿನವರಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದರು:

‘ಅನ್ನಕ್ಕೆ ಮೂರು ಕೂಗು. ಬೇಳೆಗೆ ಐದು. ಆರನೇದು ಕೂಗಿದ್ರೆ ನಂಗೆ ಫೋನ್ ಮಾಡ್ಬೇಡಿ, ಅಷ್ಟೊತ್ತಿಗೆ ನಾನು ಹಾಸನ ದಾಟಿರ್ತೀನಿ.’